ಊರ ಉಸಾಬರಿಗೊಂದು ಎಂ.ಎ.



ಮುಂಬಯಿಯ ಗೋರೆಗಾಂವ್ ಪಶ್ಚಿಮದಲ್ಲಿ ನಾವಿರುವ ಸೊಸೈಟಿಯ ಪಕ್ಕದ ವಿಂಗ್‌ನಲ್ಲಿ ಒಬ್ಬ ಶೆಟ್ಟರಿದ್ದಾರೆ. ಸ್ಟೇಷನ್ ಹತ್ತಿರ ಅವರದೊಂದು ಸಣ್ಣ ಹೋಟೆಲು. ಕಳೆದ ಮಳೆಗಾಲದಲ್ಲಿ ಒಂದು ಸಂಜೆ ಮಗಳನ್ನು ಕರೆದುಕೊಂಡು ಮನೆಗೆ ಬಂದರು. ಕೂತವರೇ ಶುರುಮಾಡಿದರು: "ಮಾಷ್ಟ್ರೇ, ಇವಳಿಗೆ ನೀವಾದರೂ ನಾಲ್ಕು ಬುದ್ಧಿಮಾತು ಹೇಳಿ. ಪತ್ರಿಕೋದ್ಯಮದಲ್ಲಿ ಎಂ.ಎ. ಮಾಡ್ತಾಳಂತೆ. ಎಂ.ಎ. ಮಾಡಿ ಹಿಂದ್‌ಮಾತಾ ಚೌಕದ ಮೊಣಕಾಲುದ್ದ ಮಳೆನೀರಿನಲ್ಲಿ ಮೈಕ್ ಹಿಡಿದು ನಿಲ್ಲುವುದಾ?"

ಹುಡುಗಿ ತಲೆ ತಗ್ಗಿಸಿಯೇ ಹೇಳಿದಳು: "ಅಲ್ಲಿ ಪ್ರತಿ ವರ್ಷ ನೀರು ಯಾಕೆ ನಿಲ್ತದೆ ಅಂತ ಕೇಳುವವರು ಒಬ್ಬರಾದರೂ ಬೇಕಲ್ಲ ಅಪ್ಪ?"

"ಊರ ಉಸಾಬರಿ ನಿನಗೆ ಯಾಕೆ ಮಾರಾಯ್ತಿ?" ಎಂದರು ಶೆಟ್ಟರು.

ರಾತ್ರಿ ಶಾಲೆಯಲ್ಲಿ ಹಲವು ವರ್ಷ ಪಾಠ ಹೇಳಿದವನು ನಾನು. ಹಗಲೆಲ್ಲ ಕ್ಯಾಂಟೀನಿನಲ್ಲಿ ಕಪ್ಪು-ಬಸಿ ತೊಳೆದು, ರಾತ್ರಿ ಬೆಂಚಿನ ಮೇಲೆ ತೂಕಡಿಸುತ್ತ ಕಲಿತ ಹುಡುಗರನ್ನು ಕಂಡವನು. ಓದಬೇಕು ಎನ್ನುವವರನ್ನು ಬೇಡ ಎಂದು ತಡೆಯುವ ಅಭ್ಯಾಸ ನನಗಿಲ್ಲ. ಆದರೂ ಅಂದು ಸರಿಯಾದ ಉತ್ತರ ಹೊಳೆಯಲಿಲ್ಲ. ಚಹಾ ಕುಡಿಸಿ ಕಳಿಸಿದೆ. ಇವತ್ತಿನ ಈ ಮಾತು ಆ ತಂದೆ-ಮಗಳಿಗೆ ನಾನು ಕೊಡಬೇಕಾಗಿದ್ದ ಉತ್ತರ.

ಶೆಟ್ಟರು ಬೈಗುಳವಾಗಿ ಆಡಿದ ಮಾತಿನಲ್ಲೇ ವಿಷಯವಿದೆ. ನಾವು ಊರ ಉಸಾಬರಿ ಎನ್ನುವುದನ್ನು ವಿದ್ವಾಂಸರು ಸಾರ್ವಜನಿಕ ವ್ಯವಹಾರ ಎನ್ನುತ್ತಾರೆ. ನಲ್ಲಿ ನೀರು, ಗಟಾರ, ಬಸ್ಸು, ಶಾಲೆ, ಆಸ್ಪತ್ರೆ, ಇವಕ್ಕೆಲ್ಲ ಹಣ ಎಲ್ಲಿಂದ ಬರುತ್ತದೆ, ಯಾರು ಖರ್ಚು ಮಾಡುತ್ತಾರೆ, ಯಾರು ಸಹಿ ಹಾಕುತ್ತಾರೆ ಎಂಬ ವಿಚಾರ. ಅಮೆರಿಕದ ವಾಷಿಂಗ್ಟನ್ನಿನ ಅಮೆರಿಕನ್ ಯೂನಿವರ್ಸಿಟಿಯಲ್ಲಿ ಪತ್ರಿಕೋದ್ಯಮ ಮತ್ತು ಸಾರ್ವಜನಿಕ ವ್ಯವಹಾರ ಎರಡನ್ನೂ ಒಂದೇ ಸ್ನಾತಕೋತ್ತರ ಪದವಿಯಾಗಿ ಕಲಿಸಿದ್ದುಂಟು. ನಮ್ಮಲ್ಲಿ ಇವೆರಡೂ ಬೇರೆ ಬೇರೆ ಒಲೆಯ ಅಡುಗೆ. ಮುಂಬಯಿ ವಿಶ್ವವಿದ್ಯಾಲಯದಲ್ಲಿ ಸಂವಹನ ಮತ್ತು ಪತ್ರಿಕೋದ್ಯಮಕ್ಕೊಂದು ವಿಭಾಗ, ನಾಗರಿಕಶಾಸ್ತ್ರ ಮತ್ತು ರಾಜಕೀಯಕ್ಕೆ ಇನ್ನೊಂದು ವಿಭಾಗ. ಬರೆಯಲು ಕಲಿತವರಿಗೆ ಪಾಲಿಕೆಯ ಲೆಕ್ಕ ಗೊತ್ತಿರುವುದಿಲ್ಲ, ಲೆಕ್ಕ ಬಲ್ಲವರಿಗೆ ಜನರಿಗೆ ತಿಳಿಯುವಂತೆ ಬರೆಯಲು ಬರುವುದಿಲ್ಲ. ಎರಡನ್ನೂ ಸೇರಿಸಿ ಹೊಲಿಯುವ ಕೆಲಸ ವಿದ್ಯಾರ್ಥಿಯದೇ.

ಆ ಹೊಲಿಗೆ ಕಲಿಯಲು ಗೋರೆಗಾಂವ್‌ಗಿಂತ ಒಳ್ಳೆಯ ಜಾಗ ಬೇರೆ ಬೇಕಿಲ್ಲ.

ಮೃಣಾಲ್ ಗೋರೆಯವರ ಹೆಸರನ್ನು ಹಿರಿಯರು ಮರೆತಿರಲಾರರು. 1928ರಲ್ಲಿ ಹುಟ್ಟಿದವರು, ವೈದ್ಯಕೀಯ ಓದನ್ನು ಅರ್ಧಕ್ಕೆ ಬಿಟ್ಟು ಸಮಾಜವಾದಿ ಚಳವಳಿಗೆ ಬಂದವರು. ಪತಿ ಕೇಶವ ಗೋರೆ 1958ರಲ್ಲಿ ತೀರಿಕೊಂಡರು. ಮೂರೇ ವರ್ಷದಲ್ಲಿ, 1961ರಲ್ಲಿ, ಗೋರೆಗಾಂವ್‌ನಿಂದ ಮುಂಬಯಿ ಮಹಾನಗರಪಾಲಿಕೆಗೆ ಆರಿಸಿ ಬಂದರು. ಆಗ ಉಪನಗರದ ಹೆಂಗಸರ ದಿನ ನಲ್ಲಿಯ ಮುಂದೆ ಕೊಡ ಸಾಲಿಟ್ಟು ಕಾಯುವುದರಲ್ಲೇ ಮುಗಿಯುತ್ತಿತ್ತು. ನೀರಿಗಾಗಿ ಅವರು ಹೂಡಿದ ಹೋರಾಟಕ್ಕೆ ಜನ ಕೊಟ್ಟ ಬಿರುದು 'ಪಾನೀವಾಲಿ ಬಾಯಿ'. 1972ರಲ್ಲಿ ಶಾಸಕಿಯಾದರು. ಬೆಲೆಯೇರಿಕೆ ವಿರುದ್ಧ ಅಹಿಲ್ಯಾ ರಾಂಗ್ಣೇಕರ್ ಮೊದಲಾದವರ ಜೊತೆ ಸೇರಿ ಹೆಂಗಸರ ಲಾಟಣೆ ಮೋರ್ಚಾ ಹೊರಡಿಸಿದರು. ಮರಾಠಿಯ ಲಾಟಣೆ ನಮ್ಮ ಲಟ್ಟಣಿಗೆಯೇ. ಚಪಾತಿ ಲಟ್ಟಿಸುವ ಕೋಲು ಹಿಡಿದು ಹೆಂಗಸರು ಬೀದಿಗಿಳಿದರು. 1977ರಲ್ಲಿ ಮೃಣಾಲ್ ಗೋರೆ ಲೋಕಸಭೆಗೂ ಹೋದರು. 2012ರಲ್ಲಿ ತೀರಿಕೊಳ್ಳುವವರೆಗೂ ಅವರ ವಿಳಾಸ ಜನರ ನಡುವೆಯೇ ಇತ್ತು. ಇಂದಿಗೂ ಆರೇ ರೋಡಿನ ಕೇಶವ ಗೋರೆ ಸ್ಮಾರಕದ ಸಭಾಗೃಹದಲ್ಲಿ ಮರಾಠಿ ಸಭೆಗಳೂ ನಡೆಯುತ್ತವೆ, ನಮ್ಮ ಕನ್ನಡದ ಕಾರ್ಯಕ್ರಮಗಳೂ ನಡೆದಿವೆ.

ಅವರು ಪತ್ರಕರ್ತೆಯಲ್ಲ. ಆದರೆ ನೀರು ಯಾವ ಕೊಳವೆಯಲ್ಲಿ ಬರುತ್ತದೆ, ಎಲ್ಲಿ ನಿಲ್ಲುತ್ತದೆ, ಯಾವ ಅಧಿಕಾರಿಯ ಮೇಜಿನ ಮೇಲೆ ಕಡತ ಕೂತಿದೆ ಎನ್ನುವುದು ಗೊತ್ತಿಲ್ಲದೆ ಘೋಷಣೆ ಕೂಗಿದರೆ ಗಂಟಲು ಒಣಗುತ್ತದೆಯೇ ಹೊರತು ಕೊಡ ತುಂಬುವುದಿಲ್ಲ. ಸಾರ್ವಜನಿಕ ವ್ಯವಹಾರದ ಪತ್ರಿಕೋದ್ಯಮ ಎಂದರೆ ಇಷ್ಟೇ: ಕೋಪಕ್ಕೆ ಒಂದು ಕಡತ ಸಂಖ್ಯೆ ಹುಡುಕಿ ಕೊಡುವುದು.

ಹತ್ತಿರದ ಇನ್ನೊಂದು ಉದಾಹರಣೆ ಆರೇ ಕಾಲೊನಿ. ಮೆಟ್ರೊ ಮೂರನೇ ಮಾರ್ಗದ ಕಾರ್ ಶೆಡ್‌ಗಾಗಿ ಅಲ್ಲಿನ ಮರಗಳನ್ನು ತೆಗೆಯುವ ಪ್ರಸ್ತಾವ ಬಂತು. 2019ರ ಆಗಸ್ಟ್ 29ರಂದು ಪಾಲಿಕೆಯ ವೃಕ್ಷ ಪ್ರಾಧಿಕಾರ 2,185 ಮರಗಳನ್ನು ಕಡಿಯಲು, 461 ಮರಗಳನ್ನು ಬೇರೆಡೆ ನೆಡಲು ಒಪ್ಪಿಗೆ ಕೊಟ್ಟಿತು. ಅಕ್ಟೋಬರ್ 4ರಂದು ಮುಂಬಯಿ ಹೈಕೋರ್ಟು ವಿರೋಧದ ಅರ್ಜಿಗಳನ್ನು ತಳ್ಳಿಹಾಕಿತು. ಅದೇ ರಾತ್ರಿ ಗರಗಸ ಸದ್ದು ಮಾಡಿತು. ಕಾನೂನು ವಿದ್ಯಾರ್ಥಿಗಳು ಬರೆದ ಒಂದು ಪತ್ರವನ್ನೇ ಅರ್ಜಿಯೆಂದು ಪರಿಗಣಿಸಿ ಸುಪ್ರೀಂ ಕೋರ್ಟು ಅಕ್ಟೋಬರ್ 7ರಂದು ತಡೆ ಕೊಟ್ಟಿತು. ಅಷ್ಟರಲ್ಲಿ ಎರಡು ಸಾವಿರಕ್ಕೂ ಹೆಚ್ಚು ಮರ ನೆಲಕ್ಕುರುಳಿದ್ದವು.

ಆ ರಾತ್ರಿ ಕ್ಯಾಮೆರಾ ಹಿಡಿದು ಓಡಿದವರು ಬಹಳ. ಜನ ಅತ್ತದ್ದು, ಪೊಲೀಸರು ತಡೆದದ್ದು ಎಲ್ಲ ತೋರಿಸಿದರು, ಸರಿ. ಆದರೆ ಜಗಳದ ಒಳಗೆ ಇನ್ನೊಂದು ಜಗಳವಿತ್ತು. ಅನುಮತಿ ಪ್ರಕಟವಾದ ಮೇಲೆ 15 ದಿನ ಕಾಯಬೇಕು ಎಂದು ಹೋರಾಟಗಾರರು, ಆದೇಶ ಹೊರಟ ದಿನದಿಂದ ಎಣಿಸಿದರೆ ಆ 15 ದಿನ ಕಳೆದಾಯಿತು ಎಂದು ಮೆಟ್ರೊ ನಿಗಮ. ಯಾರ ಲೆಕ್ಕ ಸರಿ? ಉತ್ತರ ಹುಡುಕಲು 1975ರ ಮಹಾರಾಷ್ಟ್ರ ನಗರ ಪ್ರದೇಶಗಳ ವೃಕ್ಷ ಸಂರಕ್ಷಣಾ ಕಾಯ್ದೆಯನ್ನು ತೆರೆಯಬೇಕು, ಆದೇಶದ ಪ್ರತಿಯ ಮೇಲಿನ ತಾರೀಖು ನೋಡಬೇಕು. ವೃಕ್ಷ ಪ್ರಾಧಿಕಾರ ಎಂಬುದೊಂದು ಇದೆ, ಅದಕ್ಕೊಂದು ಅಜೆಂಡಾ ಇರುತ್ತದೆ, ಸಭೆಗೆ ಮೊದಲೇ ಅದು ಹೊರಬರುತ್ತದೆ ಎಂದು ಬಲ್ಲ ವರದಿಗಾರನಿಗೆ ಸುದ್ದಿ ಆಗಸ್ಟಿನಲ್ಲೇ ಸಿಗುತ್ತದೆ. ಅರಿಯದವನಿಗೆ ಅಕ್ಟೋಬರಿನಲ್ಲಿ, ಮರ ಬಿದ್ದ ಸದ್ದಿನೊಡನೆ ಸಿಗುತ್ತದೆ. ಪದವಿ ಓದಬೇಕಾದದ್ದು ಈ ಒಂದು ತಿಂಗಳಿಗೂ ಮಿಕ್ಕ ಅಂತರಕ್ಕಾಗಿ.

ಸಿದ್ಧಾರ್ಥ ನಗರದ ಪತ್ರಾ ಚಾಳಿನ ಕತೆಯೂ ಗೋರೆಗಾಂವ್‌ನದೇ. 672 ಕುಟುಂಬಗಳ ಮರುವಸತಿಗೆಂದು 2008ರಲ್ಲಿ ಕರಾರಾಯಿತು, ಮನೆ ಬಿಟ್ಟುಕೊಟ್ಟವರು ಬಾಡಿಗೆ ಮನೆಗಳಲ್ಲಿ ಹತ್ತು ವರ್ಷಕ್ಕೂ ಮಿಕ್ಕಿ ಕಾದರು. ಅವರ ಕಣ್ಣೀರು ಸುದ್ದಿಯಾದದ್ದು ತಡವಾಗಿ. ಕರಾರುಪತ್ರವನ್ನು ಹಾಳೆ ಹಾಳೆಯಾಗಿ ಓದುವವರು ಮೊದಲೇ ಇದ್ದಿದ್ದರೆ ಸುದ್ದಿಯೂ ಮೊದಲೇ ಆಗುತ್ತಿತ್ತು.

ಆದ್ದರಿಂದ ನನ್ನ ಅಭಿಪ್ರಾಯವನ್ನು ಇಲ್ಲೇ ಹೇಳಿಬಿಡುತ್ತೇನೆ. ಪತ್ರಿಕೋದ್ಯಮದ ಎಂ.ಎ. ಬರೆಯುವುದನ್ನು ಕಲಿಸುವ ಮೊದಲು ಓದುವುದನ್ನು ಕಲಿಸಬೇಕು. ಕತೆ-ಕಾದಂಬರಿಯಲ್ಲ, ಬಜೆಟ್ಟು, ಟೆಂಡರು, ತೀರ್ಪು, ಸುತ್ತೋಲೆ.

ಬಜೆಟ್ಟನ್ನೇ ತೆಗೆದುಕೊಳ್ಳಿ. ಮುಂಬಯಿ ಪಾಲಿಕೆಯ 2025-26ರ ಬಜೆಟ್ಟಿನ ಗಾತ್ರ 74,427 ಕೋಟಿ ರೂಪಾಯಿ. ಮರುದಿನ ಎಲ್ಲ ಪತ್ರಿಕೆಗಳ ತಲೆಬರಹ ಅದೇ. ಆದರೆ ಸುದ್ದಿ ಆ ದೊಡ್ಡ ಅಂಕಿಯಲ್ಲಿ ಇರುವುದಿಲ್ಲ. ಬಜೆಟ್ ಪುಸ್ತಕದ ಒಳಪುಟ ಬಿಡಿಸಿದರೆ ಪ್ರತಿ ಬಾಬತ್ತಿನ ಎದುರಿಗೆ ಕೆಲವು ಕಂಬಸಾಲು ಕಾಣುತ್ತವೆ. ಆಚೆ ವರ್ಷ ನಿಜವಾಗಿ ಆದ ಖರ್ಚು ಒಂದು, ಕಳೆದ ವರ್ಷ ಇಟ್ಟ ಅಂದಾಜು ಒಂದು, ಅದನ್ನೇ ನಡುವೆ ತಿದ್ದಿ ಮಾಡಿದ ಪರಿಷ್ಕೃತ ಅಂದಾಜು ಒಂದು, ಮುಂದಿನ ವರ್ಷದ ಹೊಸ ಅಂದಾಜು ಇನ್ನೊಂದು. ಮಳೆನೀರು ಚರಂಡಿಗೆಂದು ಇಟ್ಟ ಹಣ ಪರಿಷ್ಕೃತ ಅಂದಾಜಿನಲ್ಲಿ ಅರ್ಧಕ್ಕಿಳಿದಿದ್ದರೆ ಅಲ್ಲಿ ಬೆರಳಿಟ್ಟು ನಿಲ್ಲಬೇಕು. ಕೆಲಸ ಶುರುವಾಗಲಿಲ್ಲವೇ? ಟೆಂಡರು ಬರಲಿಲ್ಲವೇ? ಹಣ ಬೇರೆಡೆ ಹರಿಯಿತೇ? ಮೂರು ಪ್ರಶ್ನೆ, ಮೂರು ಫೋನು, ಒಂದು ಸುದ್ದಿ. ಶೆಟ್ಟರು ದಿನಾ ರಾತ್ರಿ ಗಲ್ಲಾ ಮುಚ್ಚುವಾಗ ಮಾಡುವುದೂ ಇದೇ ಲೆಕ್ಕ. ಎಷ್ಟು ಲೀಟರ್ ಹಾಲು ಬಂತು, ಎಷ್ಟು ಚಹಾ ಹೋಯಿತು, ಉಳಿದದ್ದೆಷ್ಟು. ಮಗಳು ಅಪ್ಪನ ವಿದ್ಯೆಯನ್ನೇ ಊರಿನ ಗಲ್ಲಾಕ್ಕೆ ಹಚ್ಚಲು ಹೊರಟಿದ್ದಾಳೆ, ಅಷ್ಟೇ.

ಆ ಗಲ್ಲಾವನ್ನು ನೋಡಲೇಬೇಕಾದ ಕಾರಣವೂ ಇದೆ. ಮುಂಬಯಿ ಪಾಲಿಕೆಯಲ್ಲಿ 227 ಮಂದಿ ನಗರಸೇವಕರು ಇರಬೇಕು. 2022ರ ಮಾರ್ಚ್‌ನಲ್ಲಿ ಅವರ ಅವಧಿ ಮುಗಿದ ಮೇಲೆ ಮೂರು ವರ್ಷಕ್ಕೂ ಮೀರಿ ಚುನಾಯಿತ ಸಭೆಯೇ ಇಲ್ಲದೆ ಆಡಳಿತಾಧಿಕಾರಿಯ ಕೈಯಲ್ಲಿ ನಗರ ನಡೆಯಿತು. ಸ್ಥಾಯೀ ಸಮಿತಿಯಲ್ಲಿ ಎದ್ದು ನಿಂತು ಕೇಳುವ ವಿರೋಧ ಪಕ್ಷದವರು ಇಲ್ಲದ ದಿನಗಳಲ್ಲಿ ಕೇಳುವ ಹೊಣೆ ಯಾರದು? ಪತ್ರಕರ್ತರದು, ಅವರ ಹಿಂದೆ ನಿಲ್ಲುವ ಓದುಗರದು.

ಇನ್ನು, ಪತ್ರಿಕೋದ್ಯಮದ ಪದವಿಯಿಲ್ಲದೆ ದೊಡ್ಡ ಪತ್ರಕರ್ತರಾದವರು ಇಲ್ಲವೇ ಎಂದು ಯಾರಾದರೂ ಕೇಳಬಹುದು. ಇದ್ದಾರೆ. ಉಡುಪಿಯಲ್ಲಿ 1921ರಲ್ಲಿ ಹುಟ್ಟಿದ ಎಂ. ವಿ. ಕಾಮತರು ಓದಿದ್ದು ವಿಜ್ಞಾನ, ಮೊದಲು ಮಾಡಿದ್ದು ಕೆಮಿಸ್ಟ್ ಕೆಲಸ. ಮುಂಬಯಿಯ ಫ್ರೀ ಪ್ರೆಸ್ ಜರ್ನಲ್ ಸೇರಿ ವರದಿಗಾರರಾದರು, ಇಲಸ್ಟ್ರೇಟೆಡ್ ವೀಕ್ಲಿಯ ಸಂಪಾದಕರಾದರು, ಕೊನೆಗೆ ನಮ್ಮ ಆಕಾಶವಾಣಿಯೂ ಸೇರಿದ ಪ್ರಸಾರ ಭಾರತಿಯ ಅಧ್ಯಕ್ಷರಾದರು. ಅಂದಿನ ಸುದ್ದಿಮನೆಯೇ ಒಂದು ಪಾಠಶಾಲೆ. ಹಿರಿಯ ಉಪಸಂಪಾದಕ ಕೆಂಪು ಶಾಯಿಯಲ್ಲಿ ಗೀಚಿ, ನಾಲ್ಕು ಜನರ ಮುಂದೆ ಬೈದು ಕಲಿಸುತ್ತಿದ್ದ. ಈಗ ಬೈಯುವುದಕ್ಕೂ ಯಾರಿಗೂ ಪುರುಸೊತ್ತಿಲ್ಲ. ಬರೆದದ್ದು ಐದು ನಿಮಿಷದಲ್ಲಿ ಮೊಬೈಲಿಗೆ ಹೋಗಬೇಕು. ಸುದ್ದಿಮನೆ ಬಿಟ್ಟುಕೊಟ್ಟ ಆ ಕೆಲಸ ಈಗ ತರಗತಿಯ ಪಾಲಿಗೆ ಬಂದಿದೆ. ಅದಕ್ಕೇ ಇರಬೇಕು, ಆ ಪದವಿಯಿಲ್ಲದೆ ಬೆಳೆದ ಕಾಮತರೇ ಇಳಿವಯಸ್ಸಿನಲ್ಲಿ ಮಣಿಪಾಲದ ಸಂವಹನ ಸಂಸ್ಥೆಯ ಗೌರವ ನಿರ್ದೇಶಕರಾಗಿ ಹುಡುಗರಿಗೆ ಈ ವಿದ್ಯೆ ಕಲಿಸಿದರು.

ತರಗತಿಯಲ್ಲಿ ಪತ್ರಿಕೋದ್ಯಮ ಕಲಿಸುವುದು ನಮಗೆ ಹೊಸದೂ ಅಲ್ಲ. ಅಮೆರಿಕದ ಮಿಸ್ಸೂರಿಯಲ್ಲಿ 1908ರಲ್ಲಿ ಪತ್ರಿಕೋದ್ಯಮ ಶಾಲೆ ಶುರುವಾಯಿತು. ಅಲ್ಲಿ ಓದಿ ಬಂದ ನಾಡಿಗ ಕೃಷ್ಣಮೂರ್ತಿಯವರು 1951ರಲ್ಲೇ ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ಪದವಿ ತರಗತಿಗೆ ಈ ವಿಷಯ ತಂದರು. ಪತ್ರಿಕೆಯ ಹುಟ್ಟಿನಲ್ಲಂತೂ ನಮಗೂ ಮುಂಬಯಿಗೂ ಒಂದು ಮೋಜಿನ ನಂಟಿದೆ. ಇಂದಿಗೂ ನಡೆಯುತ್ತಿರುವ ಗುಜರಾತಿಯ 'ಮುಂಬಯಿ ಸಮಾಚಾರ' ಹುಟ್ಟಿದ್ದು 1822ರ ಜುಲೈ 1ರಂದು. ಕನ್ನಡದ ಮೊದಲ ಪತ್ರಿಕೆ, ಹರ್ಮನ್ ಮೋಗ್ಲಿಂಗ್ ಹೊರಡಿಸಿದ 'ಮಂಗಳೂರ ಸಮಾಚಾರ' ಹುಟ್ಟಿದ್ದು 1843ರ ಜುಲೈ 1ರಂದು. ಎರಡಕ್ಕೂ ಒಂದೇ ಹುಟ್ಟುಹಬ್ಬ.

ಈಗ ಗೋರೆಗಾಂವ್‌ನಿಂದ ಹೊರಡುವ ಹುಡುಗಿಗೆ ದಾರಿ ಯಾವುದು? ಸಾಂತಾಕ್ರೂಜ್‌ನಲ್ಲಿಳಿದು ಬಸ್ಸೋ ರಿಕ್ಷಾವೋ ಹಿಡಿದರೆ ಕಲೀನಾ. ಅಲ್ಲಿನ ವಿದ್ಯಾನಗರಿಯಲ್ಲಿ ನಾಗರಿಕಶಾಸ್ತ್ರ ಮತ್ತು ರಾಜಕೀಯ ವಿಭಾಗವಿದೆ, ಮುಂಬಯಿ ಪಾಲಿಕೆಗೆ ರೂಪ ಕೊಟ್ಟ ಫಿರೋಜ್‌ಶಾ ಮೆಹ್ತಾರ ಹೆಸರಿನ ಭವನದಲ್ಲಿ. ರಾನಡೆ ಭವನದಲ್ಲಿ ನಮ್ಮ ಕನ್ನಡ ವಿಭಾಗವಿದೆ. ದೇವನಾರಿನ ಟಾಟಾ ಸಮಾಜ ವಿಜ್ಞಾನ ಸಂಸ್ಥೆಯಲ್ಲಿ ಮಾಧ್ಯಮ ಮತ್ತು ಸಂಸ್ಕೃತಿ ಅಧ್ಯಯನದ ಎಂ.ಎ. ಇದೆ. 2018ರಲ್ಲಿ ಹಾರ್ಬರ್ ಲೈನು ಗೋರೆಗಾಂವ್‌ವರೆಗೆ ಬಂದ ಮೇಲೆ ವಡಾಲಾದಲ್ಲಿ ಗಾಡಿ ಬದಲಿಸಿ ಗೋವಂಡಿಗೆ ಇಳಿಯಬಹುದು. ಸೇಂಟ್ ಝೇವಿಯರ್ಸ್‌ನ ಸಂವಹನ ಸಂಸ್ಥೆ 1969ರಿಂದ ನಡೆಯುತ್ತಿದೆ, ಕೊಡುವುದು ಡಿಪ್ಲೊಮಾ. ಡಿಪ್ಲೊಮಾ ಕೈಕೆಲಸ ಬೇಗ ಕಲಿಸುತ್ತದೆ. ಮುಂದೆ ನೆಟ್ ಅರ್ಹತಾ ಪರೀಕ್ಷೆ ಬರೆದು ಕಾಲೇಜಿನಲ್ಲಿ ಪಾಠ ಹೇಳುವ ಆಸೆಯಿದ್ದರೆ ಎಂ.ಎ. ಬೇಕೇ ಬೇಕು. ಈ ವ್ಯತ್ಯಾಸವನ್ನು ಫೀಸು ಕಟ್ಟುವ ಮೊದಲೇ ಕೇಳಿ ತಿಳಿದುಕೊಳ್ಳಬೇಕು.

ಮನೆಯ ಹಿತ್ತಿಲಲ್ಲೂ ಒಂದು ನಿಧಿಯಿದೆ. ಗೋರೆಗಾಂವ್ ಪೂರ್ವದ ಫಿಲ್ಮ್ ಸಿಟಿ ರೋಡ್ ಎಂದರೆ ನಮ್ಮವರಿಗೆ ಶೂಟಿಂಗ್ ಮಾತ್ರ ನೆನಪು. ಅದೇ ರಸ್ತೆಯಲ್ಲಿ ರಿಸರ್ವ್ ಬ್ಯಾಂಕು 1987ರಲ್ಲಿ ಸ್ಥಾಪಿಸಿದ ಇಂದಿರಾ ಗಾಂಧಿ ಅಭಿವೃದ್ಧಿ ಸಂಶೋಧನಾ ಸಂಸ್ಥೆಯಿದೆ. ಬಡತನ, ಕೃಷಿ, ಹಣಕಾಸಿನ ಬಗ್ಗೆ ಅಲ್ಲಿ ಕೆಲಸ ಮಾಡುವವರು ಬರೆದ ಪ್ರಬಂಧಗಳು ಸಾರ್ವಜನಿಕರಿಗೂ ಓದಲು ಸಿಗುತ್ತವೆ. ಒಂದು ಕಡೆ ನಟರ ನಗರಿ, ಪಕ್ಕದಲ್ಲೇ ಅಂಕಿಗಳ ನಗರಿ. ಪತ್ರಕರ್ತೆಗೆ ಎರಡರ ಪರಿಚಯವೂ ಬೇಕು.

ಕನ್ನಡದವರಾದ ನಮಗೆ ಇನ್ನೊಂದು ಬಂಡವಾಳವಿದೆ. ಶೆಟ್ಟರ ಮಗಳು ಅಮ್ಮನ ಹತ್ತಿರ ತುಳು, ನಮ್ಮ ಹತ್ತಿರ ಕನ್ನಡ, ಕಾಯಿಪಲ್ಯೆಯವಳ ಹತ್ತಿರ ಮರಾಠಿ, ರಿಕ್ಷಾದವನ ಹತ್ತಿರ ಹಿಂದಿ, ಕಾಲೇಜಿನಲ್ಲಿ ಇಂಗ್ಲಿಷು ಮಾತಾಡುತ್ತಾಳೆ. ಇದು ಅವಳಿಗೆ ಸಹಜ, ಆದ್ದರಿಂದ ಬೆಲೆ ಗೊತ್ತಿಲ್ಲ. ಪಾಲಿಕೆಯ ಸುತ್ತೋಲೆ ಮರಾಠಿಯಲ್ಲಿ, ತೀರ್ಪು ಇಂಗ್ಲಿಷಿನಲ್ಲಿ, ನೊಂದವರ ಮಾತು ಹಿಂದಿಯಲ್ಲಿ ಇರುವ ಊರಿನಲ್ಲಿ ಇಷ್ಟು ಕಡೆ ಕಿವಿ ಇರುವವರು ಎಷ್ಟು ಜನ?

ಒಂದು ಮಾತನ್ನು ನಮ್ಮವರಿಗೆ ನೋವಾಗದಂತೆ ಹೇಳಬೇಕು. ಮುಂಬಯಿಯ ಕನ್ನಡ ಪತ್ರಿಕಾರಂಗ ಸಣ್ಣದಲ್ಲ. 'ಕರ್ನಾಟಕ ಮಲ್ಲ' ಈ ನಗರದ್ದೇ ದಿನಪತ್ರಿಕೆ. 'ಮೊಗವೀರ', 'ಅಕ್ಷಯ', 'ಬಂಟರವಾಣಿ', 'ನೇಸರು', 'ಸ್ನೇಹಸಂಬಂಧ' ಇವೆಲ್ಲ ಸಂಘ-ಸಂಸ್ಥೆಗಳು ಬೆವರು ಸುರಿಸಿ ನಡೆಸಿಕೊಂಡು ಬಂದವು. ಆದರೆ ಮುಂಬಯಿ ಕನ್ನಡಿಗರ ಸುದ್ದಿ ಎಂದರೆ ನಮ್ಮ ಕಣ್ಣಿಗೆ ಬರುವ ಚಿತ್ರ ಯಾವುದು? ವೇದಿಕೆ, ದೀಪ, ಶಾಲು, ಹಾರ, ಸ್ಮರಣಿಕೆ. ಸಾಲಾಗಿ ನಿಂತ ಹನ್ನೆರಡು ಮಂದಿ. ಅದೂ ಇರಲಿ, ದೂರದ ಊರಿನಲ್ಲಿ ಒಬ್ಬರನ್ನೊಬ್ಬರು ಗುರುತಿಸಿಕೊಳ್ಳುವ ಸಂಭ್ರಮ ಅದು. ಆದರೆ ಪಾಲಿಕೆ ನಡೆಸುವ ಎಂಟು ಭಾಷೆಗಳ ಶಾಲೆಗಳಲ್ಲಿ ಕನ್ನಡ ಶಾಲೆಗಳ ಗತಿಯೇನು, ಹೋಟೆಲಿನವರಿಗೆ ಲೈಸೆನ್ಸು ನವೀಕರಿಸಲು ಎಷ್ಟು ಕಚೇರಿ ಸುತ್ತಬೇಕು, ಹಳೆಯ ಚಾಳುಗಳ ಮರುನಿರ್ಮಾಣದಲ್ಲಿ ನಮ್ಮವರ ಮನೆಗಳೆಷ್ಟು, ಇದನ್ನು ಕಡತ ಹಿಡಿದು ಬರೆಯುವವರು ಬೇಕು. ಆ ಹನ್ನೆರಡು ಮಂದಿಯೂ ಅದನ್ನು ಓದುತ್ತಾರೆ.

ತಂದೆತಾಯಂದಿರಿಗೂ ನಿಜ ಹೇಳಬೇಕು. ಈ ವೃತ್ತಿಯಲ್ಲಿ ಆರಂಭದ ಸಂಬಳ ಸಣ್ಣದು. ಹೊತ್ತುಗೊತ್ತಿಲ್ಲ. ದೀಪಾವಳಿಗೂ ರಜೆ ಖಚಿತವಿಲ್ಲ. ಪ್ರಮಾಣಪತ್ರ ಕೈಗೆ ಬಂದ ಮಾತ್ರಕ್ಕೆ ಯಾರೂ ಕುರ್ಚಿ ಎಳೆದು ಕೂರಿಸುವುದಿಲ್ಲ. ಆದರೆ ಬಜೆಟ್ಟು ಓದಲು, ಕಾಯ್ದೆ ಬಿಡಿಸಲು, ಸರಳವಾಗಿ ಬರೆಯಲು ಬರುವವರಿಗೆ ಪತ್ರಿಕೆಯಲ್ಲದಿದ್ದರೆ ಸಂಶೋಧನಾ ಸಂಸ್ಥೆ, ಸ್ವಯಂಸೇವಾ ಸಂಸ್ಥೆ, ಸರಕಾರದ ವಾರ್ತಾ ಇಲಾಖೆ, ಕಾಲೇಜು ಹೀಗೆ ಬಾಗಿಲುಗಳು ಹಲವು. ಮೈಕ್ ಮಾತ್ರ ಹಿಡಿಯಲು ಕಲಿತವರಿಗೆ ಬಾಗಿಲು ಒಂದೇ.

ಕೊನೆಯದಾಗಿ, ಸೀಟು ಸಿಗುವ ಮೊದಲೇ ಮಾಡಬಹುದಾದ ಒಂದು ಪ್ರವೇಶ ಪರೀಕ್ಷೆಯನ್ನು ಹೇಳುತ್ತೇನೆ. ಖರ್ಚು ಹತ್ತು ರೂಪಾಯಿ. 2005ರ ಮಾಹಿತಿ ಹಕ್ಕು ಕಾಯ್ದೆಯಡಿ ದೇಶದ ಯಾವ ನಾಗರಿಕರೂ ಅರ್ಜಿ ಹಾಕಬಹುದು. ಮಹಾರಾಷ್ಟ್ರದ ನಿಯಮದಲ್ಲಿ ಒಂದು ವಿಶೇಷವಿದೆ: ಒಂದು ಅರ್ಜಿಗೆ ಒಂದೇ ವಿಷಯ, ಅದೂ 150 ಪದಗಳೊಳಗೆ. 2012ರಲ್ಲಿ ಈ ಮಿತಿ ಬಂದಾಗ ಹಲವರು ಆಕ್ಷೇಪಿಸಿದರು, ನ್ಯಾಯವೇ. ಆದರೆ ಪತ್ರಿಕೋದ್ಯಮ ಕಲಿಯುವವರಿಗೆ ಇದಕ್ಕಿಂತ ಒಳ್ಳೆಯ ಅಭ್ಯಾಸವಿಲ್ಲ. "ನಮ್ಮ ರಸ್ತೆ ಯಾಕೆ ಹಾಳಾಗಿದೆ?" ಎಂದು ಕೇಳಿದರೆ ಉತ್ತರ ಬರುವುದಿಲ್ಲ, ಯಾಕೆ ಎಂಬುದು ಕಡತದಲ್ಲಿ ಇರುವುದಿಲ್ಲ. "ಇಂಥ ರಸ್ತೆಯ ದುರಸ್ತಿಗೆ ಕಳೆದ ಮೂರು ವರ್ಷಗಳಲ್ಲಿ ಕೊಟ್ಟ ಕಾರ್ಯಾದೇಶಗಳ ಪ್ರತಿ, ಗುತ್ತಿಗೆದಾರರ ಹೆಸರು, ಪಾವತಿಯಾದ ಮೊತ್ತ, ದೋಷ ಹೊಣೆಗಾರಿಕೆಯ ಅವಧಿ ಕೊಡಿ" ಎಂದು ಕೇಳಿದರೆ ಕಾನೂನಿನ ಪ್ರಕಾರ 30 ದಿನದೊಳಗೆ ಉತ್ತರ ಕೊಡಬೇಕು. ಕೊಡದಿದ್ದರೆ ಮೇಲ್ಮನವಿಗೂ ದಾರಿಯಿದೆ. ಮೊದಲ ಪ್ರಶ್ನೆಗೂ ಎರಡನೆಯ ಪ್ರಶ್ನೆಗೂ ನಡುವೆ ಇರುವ ದೂರವೇ ಎರಡು ವರ್ಷದ ಎಂ.ಎ.

ಶೆಟ್ಟರೇ, ಈ ಮಾತು ಕೇಳುತ್ತಿದ್ದೀರಿ ಎಂದುಕೊಳ್ಳುತ್ತೇನೆ. ಮಗಳ ಕೈಗೆ ಒಂದು ಹತ್ತು ರೂಪಾಯಿಯ ಕೋರ್ಟ್ ಫೀ ಸ್ಟಾಂಪು ತೆಗೆದುಕೊಡಿ. ಗೋರೆಗಾಂವ್‌ನ ಪಿ ದಕ್ಷಿಣ ವಾರ್ಡ್ ಕಚೇರಿಗೆ ನೀವೇ ಜೊತೆಯಲ್ಲಿ ಹೋಗಿ. ನಿಮ್ಮ ಹೋಟೆಲಿನ ಮುಂದೆ ಮಳೆ ಬಂದಾಗಲೆಲ್ಲ ಉಕ್ಕುವ ಆ ಗಟಾರದ ಬಗ್ಗೆ ಅವಳು 150 ಪದಗಳಲ್ಲಿ ಕೇಳಲಿ. ಉತ್ತರ ಬಂದ ದಿನ ಅದನ್ನು ಇಬ್ಬರೂ ಕೂತು ಓದಿ. ಓದಿದ ಮೇಲೂ ಊರ ಉಸಾಬರಿ ಬೇಡ ಎನಿಸಿದರೆ ನಾನು ಎರಡು ಮಾತಾಡುವುದಿಲ್ಲ. ಬೇಕು ಎನಿಸಿದರೆ, ಎಂ.ಎ. ಪ್ರವೇಶದ ಫಾರ್ಮು ತುಂಬಿಸಿ.